ಎಣಿಕೆ ಒಂದೇ, ಭಾರ ಬೇರೆ: ಹಾಡು ಕೇಳುತ್ತಲೇ ತಾಳ ಗುರುತಿಸುವುದು ಹೇಗೆ

ಕಛೇರಿಗೆ ಹೋದವರಲ್ಲಿ ತುಂಬಾ ಜನ ರಾಗ ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ತಾಳದ ಮಾತು ಬಂದರೆ "ಅದಕ್ಕೆ ಲೆಕ್ಕ ಬೇಕು, ನಮ್ಮಿಂದ ಆಗಲ್ಲ" ಅಂತ ಸುಮ್ಮನಾಗುತ್ತಾರೆ. ನನಗೆ ಇದು ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ. ರಾಗ ಗುರುತಿಸೋಕೆ ವರ್ಷಗಟ್ಟಲೆ ಕೇಳಬೇಕು. ತಾಳ ಹಾಗಲ್ಲ. ಕೈಕಾಲಿಗೆ ಅಭ್ಯಾಸ ಮಾಡಿಸಿದರೆ ಕೆಲವೇ ವಾರಗಳಲ್ಲಿ ಸಿಗುತ್ತದೆ. ಅದು ಸಿಕ್ಕಿತೆಂದರೆ ಕೃತಿ, ಖಯಾಲ್, ಭಾವಗೀತೆ, ಯಕ್ಷಗಾನದ ಪದ್ಯ, ರೆಗೆ, ರಾಕ್ ಎಲ್ಲವೂ ಬೇರೆಯದೇ ರೀತಿಯಲ್ಲಿ ಕೇಳಿಸುತ್ತವೆ.

ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಎಣಿಕೆಯಿಂದ ತಾಳ ಎಷ್ಟರದ್ದು ಅಂತ ಗೊತ್ತಾಗುತ್ತದೆ. ಆದರೆ ಅದು ಯಾವ ಪ್ರಕಾರದ ಸಂಗೀತ ಅನ್ನುವುದು ಎಣಿಕೆಯಲ್ಲಿಲ್ಲ, ಪೆಟ್ಟಿನ ಭಾರ ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿದೆ. ಕರ್ನಾಟಕ ಸಂಗೀತದ ಆದಿತಾಳಕ್ಕೂ ಎಂಟು, ಹಿಂದೂಸ್ತಾನಿಯ ಕೆಹರವಾ ತಾಳಕ್ಕೂ ಎಂಟು. ರಾಕ್ ಹಾಡಿನ ನಾಲ್ಕನ್ನು ಎರಡು ಸಲ ಎಣಿಸಿದರೆ ಅದೂ ಎಂಟೇ. ಆದರೂ ಮೂರನ್ನೂ ಕಣ್ಣು ಮುಚ್ಚಿಕೊಂಡು ಬೇರೆ ಬೇರೆ ಅಂತ ಹೇಳಬಹುದು. ಹೇಗೆ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಮೊದಲು ಕಾಲು, ಆಮೇಲೆ ಲೆಕ್ಕ

ಒಂದು ಹಾಡು ಹಾಕಿ. ಏನನ್ನೂ ಎಣಿಸಬೇಡಿ. ಕಾಲಿನ ಹೆಬ್ಬೆರಳನ್ನು ನೆಲಕ್ಕೆ ತಟ್ಟುತ್ತಾ ಹೋಗಿ. ಹಾಡಿನ ಮಾತನ್ನು ಹಿಂಬಾಲಿಸಬೇಡಿ, ಅದರ ಕೆಳಗೆ ಒಂದೇ ಸಮ ಓಡುತ್ತಿರುವ ಮಿಡಿತವನ್ನು ಹಿಡಿಯಿರಿ. ಮಾತು ಎಳೆದಾಡುತ್ತದೆ, ನಿಲ್ಲುತ್ತದೆ, ಓಡುತ್ತದೆ. ಮಿಡಿತ ಮಾತ್ರ ನಿಲ್ಲುವುದಿಲ್ಲ. ಇದಕ್ಕೇ ಲಯ ಅನ್ನುವುದು.

ಕಾಲು ಸುಸ್ತಾಗುವಷ್ಟು ಬೇಗ ತಟ್ಟುತ್ತಿದ್ದೀರಾ? ಹಾಗಾದರೆ ಒಂದು ಬಿಟ್ಟು ಒಂದು ತಟ್ಟಿ. ಎರಡು ಪೆಟ್ಟಿನ ನಡುವೆ ಬೇಜಾರಾಗುವಷ್ಟು ಜಾಗ ಇದೆಯಾ? ಮಧ್ಯದಲ್ಲಿ ಇನ್ನೊಂದು ಸೇರಿಸಿ. ಎರಡೂ ಸರಿಯೇ. ನಡೆಯುವಾಗ ನಿಮ್ಮ ಹೆಜ್ಜೆ ಬೀಳುವ ವೇಗದ ಆಸುಪಾಸಿನಲ್ಲಿ ಹಿಡಿದರೆ ಮುಂದಿನ ಕೆಲಸ ಸುಲಭ.

ಮಿಡಿತ ಸಿಗಲೇ ಇಲ್ಲ ಅಂದರೆ ಗಾಬರಿ ಬೇಡ. ಅಲ್ಲಿ ತಾಳವೇ ಇಲ್ಲದಿರಬಹುದು. ಕರ್ನಾಟಕ ಸಂಗೀತದ ಆಲಾಪನೆಗೆ, ಹಿಂದೂಸ್ತಾನಿಯ ಆಲಾಪಕ್ಕೆ, ದಾಸರ ಉಗಾಭೋಗಕ್ಕೆ ತಾಳವಿಲ್ಲ. ಗಮಕಿಗಳು ಕಾವ್ಯ ಓದುವಾಗಲೂ ತಾಳ ಹಾಕುವುದಿಲ್ಲ. ಅಂಥ ಕಡೆ ಎಣಿಸಲು ಕೂತರೆ ಸುಮ್ನೆ ತಲೆನೋವು. ಕೇಳಿ, ತಾಳವಾದ್ಯ ಶುರುವಾಗುವ ತನಕ ಕಾಯಿರಿ.

ಹೆಜ್ಜೆ 2: ನಾಲ್ಕು ಸಾಲು ಬಾಯಿಪಾಠ ಮಾಡಿ

ಜಗತ್ತಿನ ಹೆಚ್ಚಿನ ತಾಳಗಳು ಎರಡು, ಮೂರು, ನಾಲ್ಕರ ಗುಂಪುಗಳಿಂದ ಆಗಿವೆ. ಐದು ಅಂದರೆ ಎರಡು ಮತ್ತು ಮೂರು. ಏಳು ಅಂದರೆ ಮೂರು ಮತ್ತು ನಾಲ್ಕು. ಕರ್ನಾಟಕ ಸಂಗೀತದಲ್ಲಿ ಇವಕ್ಕೆ ಬಾಯಲ್ಲಿ ಹೇಳುವ ಸೊಲ್ಲುಗಳಿವೆ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕಧಿಮಿ. ಅಂಕಿ ಎಣಿಸುವುದಕ್ಕಿಂತ ಈ ಸೊಲ್ಲು ಹೇಳುವುದು ಮೇಲು. "ಒಂದು, ಎರಡು, ಮೂರು" ಅಂತ ಹೇಳುವಾಗ ಒಂದೊಂದು ಪದದ ಉದ್ದ ಒಂದೊಂದು ತರ, ಲಯ ಅಲ್ಲೇ ಜಾರುತ್ತದೆ.

ಕನ್ನಡದವರಿಗೆ ಇನ್ನೂ ಒಂದು ಅನುಕೂಲ ಇದೆ. ಶಾಲೆಯಲ್ಲಿ ಛಂದಸ್ಸು ಓದುವಾಗ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಅಂತ ಗೆರೆ ಎಳೆದು ಗಣ ಬಿಡಿಸಿದ್ದು ನೆನಪಿದೆಯಲ್ವಾ? ಅದು ಬರೀ ಪರೀಕ್ಷೆಗೆ ಅಂತ ನಾವೆಲ್ಲ ಅಂದುಕೊಂಡೆವು. ಅದು ತಾಳದ ಪಾಠವೂ ಹೌದು. ಭೋಗ ಷಟ್ಪದಿ ಮೂರರ ನಡೆ. ಶರ ಷಟ್ಪದಿ ನಾಲ್ಕರದ್ದು. ಕುಸುಮ, ವಾರ್ಧಕ ಎರಡೂ ಐದರವು. ಭಾಮಿನಿ ಮೂರು ನಾಲ್ಕು ಬೆರೆತ ಏಳರದ್ದು. ರಗಳೆಗಳಲ್ಲೂ ಹೀಗೇ: ಉತ್ಸಾಹ ರಗಳೆಗೆ ಮೂರು, ಲಲಿತ ರಗಳೆಗೆ ಐದು.

ಅಭ್ಯಾಸಕ್ಕೆ ನಾಲ್ಕು ಸಾಲು ಕೊಡುತ್ತೇನೆ. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ತೊಡೆಯ ಮೇಲೆ ಒಂದು ಪೆಟ್ಟು ಹಾಕುತ್ತಾ ಜೋರಾಗಿ ಹೇಳಿ.

ಮೂರು: ಬನದ | ಮರದ | ನೆರಳ | ತಂಪು

ನಾಲ್ಕು: ಹಸಿರಿನ | ಹೊಲದಲಿ | ತೆನೆಗಳು | ತೂಗಿವೆ

ಐದು: ಬಾನಿನಲಿ | ಮೋಡಗಳು | ತೇಲುತಿವೆ | ದೂರದಲಿ

ಏಳು: ಮಳೆಯು | ಬರುತಿದೆ | ಹೊಲವು | ನಗುತಿದೆ

ಮೂರರ ಸಾಲು ಓಲಾಡುತ್ತದೆ. ನಾಲ್ಕರದ್ದು ನೆಟ್ಟಗೆ ನಡೆಯುತ್ತದೆ. ಐದರಲ್ಲಿ ಪ್ರತಿ ಗುಂಪೂ ದೀರ್ಘದಿಂದ ಶುರುವಾಗಿ ಮುಂದಕ್ಕೆ ತಳ್ಳುತ್ತದೆ. ಏಳರಲ್ಲಿ ಮೊದಲ ಗುಂಪು ಗಿಡ್ಡ, ಎರಡನೆಯದು ಉದ್ದ. ಹಾಗಾಗಿ ಪೆಟ್ಟುಗಳು ಸಮ ದೂರದಲ್ಲಿ ಬೀಳುವುದಿಲ್ಲ. ಈ ವ್ಯತ್ಯಾಸ ನಾಲಿಗೆಗೆ ಗೊತ್ತಾಗುವ ತನಕ ಮುಂದಿನ ಹೆಜ್ಜೆಗೆ ಹೋಗಬೇಡಿ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ವಾಕಿಂಗ್ ಹೋಗುವಾಗ ಮನಸ್ಸಿನಲ್ಲೇ ಹೇಳಿಕೊಳ್ಳಬಹುದು.

ಈಗ ಯಾವುದೇ ಹಾಡಿನ ಮೇಲೆ ಈ ನಾಲ್ಕು ಸಾಲನ್ನು ಒಂದೊಂದಾಗಿ ಕೂರಿಸಿ ನೋಡಿ. ಮೂರು ಸಾಲು ಜಗಳ ಆಡುತ್ತವೆ. ಒಂದು ಸುಮ್ಮನೆ ಕೂತುಬಿಡುತ್ತದೆ. ಅದೇ ಆ ಹಾಡಿನ ನಡೆ.

ಹೆಜ್ಜೆ 3: ಆವರ್ತ ಎಲ್ಲಿಂದ ಶುರು?

ಗುಂಪು ಗೊತ್ತಾಯಿತು. ಇನ್ನು ಎಷ್ಟು ಗುಂಪಿಗೆ ಒಂದು ಸುತ್ತು ಮುಗಿಯುತ್ತದೆ, ಸುತ್ತಿನ ಮೊದಲ ಪೆಟ್ಟು ಯಾವುದು ಅನ್ನುವುದು ಬೇಕು. ಸುತ್ತಿಗೆ ಆವರ್ತ ಅಂತಲೂ, ಮೊದಲ ಪೆಟ್ಟಿಗೆ ಸಮ ಅಂತಲೂ ಹೆಸರು. ಸಮ ಹುಡುಕುವ ದಾರಿ ಪ್ರತಿ ಪ್ರಕಾರದಲ್ಲೂ ಬೇರೆ. ಇಲ್ಲೇ ಹೆಚ್ಚಿನವರು ಎಡವುವುದು.

ಕರ್ನಾಟಕ ಸಂಗೀತದಲ್ಲಿ ಕಣ್ಣು ಬಳಸಿ. ಗಾಯಕರು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತಾರೆ. ಆದಿತಾಳದಲ್ಲಿ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಇದು ನಾಲ್ಕು ಅಕ್ಷರದ, ಅಂದರೆ ನಾಲ್ಕು ಎಣಿಕೆಯ ಲಘು (ಛಂದಸ್ಸಿನ ಲಘು ಬೇರೆ, ಇದು ಬೇರೆ). ಆಮೇಲೆ ಪೆಟ್ಟು, ಹುಸಿ. ಮತ್ತೆ ಪೆಟ್ಟು, ಹುಸಿ. ಇವು ಎರಡು ದ್ರುತ. ಹುಸಿ ಅಂದರೆ ಅಂಗೈ ಮೇಲೆ ಮಾಡಿ ಬೀಸುವುದು. ಒಟ್ಟು ಎಂಟು. ಬೆರಳೆಣಿಕೆ ಶುರುವಾಗುವ ಮೊದಲಿನ ಪೆಟ್ಟೇ ಸಮ. ಸಭಾಂಗಣದಲ್ಲಿ ಅಕ್ಕಪಕ್ಕದ ಹಿರಿಯರ ಕೈ ನೋಡಿ ಕಲಿತವರು ಎಷ್ಟೋ ಜನ. ನೀವೂ ಧೈರ್ಯವಾಗಿ ನೋಡಿ.

ಹಿಂದೂಸ್ತಾನಿಯಲ್ಲಿ ಗಾಯಕರ ಕೈ ತಾಳ ತೋರಿಸುವುದಿಲ್ಲ. ಅಲ್ಲಿ ಕಿವಿಯೇ ಗತಿ. ತಬಲಾದ ಠೇಕಾ, ಅಂದರೆ ಪ್ರತಿ ಸುತ್ತಿಗೂ ಮರಳಿ ಬರುವ ಗೊತ್ತಾದ ಪೆಟ್ಟುಗಳ ಸಾಲು ಕೇಳಬೇಕು, ಅದರಲ್ಲೂ ಎಡಗೈಯಲ್ಲಿ ನುಡಿಸುವ ಡಗ್ಗಾದ ಗುಂಯ್ ನಾದ. ತೀನತಾಲದ 16 ಮಾತ್ರೆ ಹೀಗಿದೆ:

ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ

ಹತ್ತನೆಯ ಮಾತ್ರೆಯಿಂದ ಹದಿಮೂರರ ತನಕ ಡಗ್ಗಾದ ಗುಂಯ್ ಇಲ್ಲ. ಬಲಗೈಯ ಒಣ ಸದ್ದು ಮಾತ್ರ. ಇದು ಖಾಲಿಯ ಪ್ರದೇಶ. ಹದಿನಾಲ್ಕಕ್ಕೆ ಧಿನ್ ಜೊತೆ ಗುಂಯ್ ವಾಪಸು ಬರುತ್ತದೆ. ಅಲ್ಲಿಂದ 14, 15, 16 ಅಂತ ಮೂರು ಎಣಿಸಿದರೆ ಮುಂದಿನದೇ ಸಮ. ಇದೊಂದು ಗುರುತು ಹಿಡಿದರೆ ಸಾಕು, ನಡು ವೇಗದ ಬಂದಿಶಿನಲ್ಲಿ, ಅಂದರೆ ತಾಳಕ್ಕೆ ಕಟ್ಟಿದ ಹಾಡಿನಲ್ಲಿ, ನೀವು ಕಳೆದುಹೋಗುವುದಿಲ್ಲ.

ವಿಲಂಬಿತ, ಅಂದರೆ ತೀರಾ ನಿಧಾನದ ಏಕತಾಲ ಮಾತ್ರ ಬೇರೆ ಆಟ. ಮಾತ್ರೆ ಹನ್ನೆರಡೇ. ಆದರೆ ಒಂದು ಆವರ್ತ ಮುಗಿಯಲು ಹತ್ತಿರಹತ್ತಿರ ಒಂದು ನಿಮಿಷ ಹಿಡಿಯುವುದೂ ಉಂಟು. ಕಿರಾಣಾ ಘರಾಣೆ ಅನ್ನುವ ಹಾಡುಗಾರಿಕೆಯ ಪರಂಪರೆಯವರ ಬಡಾ ಖಯಾಲ್ (ನಿಧಾನಗತಿಯ ಖಯಾಲ್) ಕೇಳಿದವರಿಗೆ ಇದು ಗೊತ್ತು. ಗದಗದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಇಬ್ಬರೂ ಆ ಘರಾಣೆಯವರೇ. ಅಷ್ಟು ನಿಧಾನದಲ್ಲಿ ಕಾಲು ತಟ್ಟಿ ಪ್ರಯೋಜನವಿಲ್ಲ. ಎರಡು ಗುರುತು ಇಟ್ಟುಕೊಳ್ಳಿ. ಒಂದು, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಯಲ್ಲಿ ಬರುವ "ತಿರಕಿಟ" ಅನ್ನುವ ಉರುಳು ಸದ್ದು. ಹತ್ತರ ತಿರಕಿಟ ಆದಮೇಲೆ ಧಿನ್, ನಾ, ಮುಂದೆ ಸಮ. ಇನ್ನೊಂದು, ಗಾಯಕರು ಮತ್ತೆ ಮತ್ತೆ ಹಿಡಿದು ತರುವ ಮುಖಡಾ. ಎಷ್ಟೇ ಸುತ್ತಾಡಿದರೂ ಬಂದಿಶಿನ ಅದೇ ನಾಲ್ಕು ಮಾತು ಹಿಡಿದು ಸಮಕ್ಕೆ ಇಳಿಯುತ್ತಾರೆ. ಆ ಗಳಿಗೆಯಲ್ಲಿ ತಬಲಾದವರೂ ಗಾಯಕರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಕೇಳುಗರ ತಲೆ ತೂಗುತ್ತದೆ.

ಎರಡೂ ಪದ್ಧತಿಯಲ್ಲಿ ಉಪಯೋಗಕ್ಕೆ ಬರುವ ಸುಳಿವು ಇನ್ನೊಂದಿದೆ. ಒಂದೇ ನುಡಿಸಾಣಿಕೆ ಮೂರು ಸಲ ಬಂದರೆ ಆವರ್ತ ಮುಗಿಯುತ್ತಿದೆ ಅಂತ ತಿಳಿಯಿರಿ. ಹಿಂದೂಸ್ತಾನಿಯವರು ತಿಹಾಯಿ ಅನ್ನುತ್ತಾರೆ, ಕರ್ನಾಟಕದವರು ತೀರ್ಮಾನ ಅಥವಾ ಮುಕ್ತಾಯ. ಮೂರನೆಯದು ಮುಗಿದು ಬೀಳುವ ಜಾಗ ಸಮ, ಇಲ್ಲವೇ ಹಾಡು ಎತ್ತಿಕೊಳ್ಳುವ ಜಾಗ.

ರಾಕ್, ಪಾಪ್‌ನಲ್ಲಿ ಬಾಸ್ ಡ್ರಮ್ಮಿನ ದಪ್ಪ ಪೆಟ್ಟು ಮತ್ತು ಸ್ವರಮೇಳ, ಅಂದರೆ ಕಾರ್ಡ್, ಬದಲಾಗುವ ಜಾಗ ನೋಡಿ. ಹೊಸ ಕಾರ್ಡ್ ಹೆಚ್ಚಾಗಿ ಸುತ್ತಿನ ಮೊದಲ ಪೆಟ್ಟಿನಲ್ಲೇ ಬರುತ್ತದೆ. ಗಿಟಾರ್ ಕಲಿಯುವವರಿಗೆ ಇದು ಬೇಗ ಹೊಳೆಯುತ್ತದೆ.

ಹೆಜ್ಜೆ 4: ಎಂಟು ಎಂಟೇ, ಆದರೂ ಬೇರೆ

ಈಗ ಭಾರದ ಮಾತಿಗೆ ಬರೋಣ. ನಾಲ್ಕು ಅಥವಾ ಎಂಟರ ಹಾಡುಗಳೇ ಎಲ್ಲ ಕಡೆ ಜಾಸ್ತಿ. ಹಾಗಾಗಿ ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ರಾಕ್: ಒಂದು, ಮೂರರಲ್ಲಿ ಬಾಸ್ ಡ್ರಮ್, ಎರಡು, ನಾಲ್ಕರಲ್ಲಿ ಸ್ನೇರ್ ಡ್ರಮ್ಮಿನ ಚಟ್ ಅನ್ನುವ ಏಟು. ನಮ್ಮ ಕೈ ಸಹಜವಾಗಿ ಒಂದು, ಮೂರಕ್ಕೆ ಚಪ್ಪಾಳೆ ಹೊಡೆಯುತ್ತದೆ. ರಾಕ್ ಕೇಳುವಾಗ ಬೇಕಂತಲೇ ಎರಡು, ನಾಲ್ಕಕ್ಕೆ ಹೊಡೆದು ನೋಡಿ. ಹಾಡು ಕೂಡಲೇ ಜೀವ ತಳೆಯುತ್ತದೆ.

ಹೌಸ್: 1980ರ ದಶಕದಲ್ಲಿ ಅಮೆರಿಕದ ಶಿಕಾಗೋದಲ್ಲಿ ಬೆಳೆದ ಕುಣಿತದ ಸಂಗೀತ. ನಾಲ್ಕು ಪೆಟ್ಟಿಗೂ ಬಾಸ್ ಡ್ರಮ್ ಬೀಳುತ್ತದೆ, ಒಂದೂ ಬಿಡುವುದಿಲ್ಲ. ಎರಡು ಪೆಟ್ಟಿನ ನಡುವೆ ತೆಳು ಲೋಹದ ತಟ್ಟೆಯ ಚಿಸ್ ಸದ್ದು. ವೇಗ ನಿಮಿಷಕ್ಕೆ 120ರಿಂದ 130 ಪೆಟ್ಟು. ಮದುವೆ ರಿಸೆಪ್ಷನ್‌ನ ಡಿಜೆ ಹಾಕುವ ಎಷ್ಟೋ ರೀಮಿಕ್ಸ್‌ಗಳ ಬುಡ ಇದೇ.

ರೆಗೆ: ಜಮೈಕಾದಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ್ದು. ಇದರ ಸೊಗಸು ಏನೆಂದರೆ ನಾವು ಎಲ್ಲಿ ಭಾರ ನಿರೀಕ್ಷಿಸುತ್ತೇವೋ ಅಲ್ಲಿ ಖಾಲಿ. ಇದರ ತುಂಬಾ ಹೆಸರಾದ ನಡೆಯಲ್ಲಿ ಮೊದಲ ಪೆಟ್ಟಿಗೆ ಡ್ರಮ್ ಸುಮ್ಮನಿರುತ್ತದೆ, ಮೂರನೆಯದರಲ್ಲಿ ದಪ್ಪ ಏಟು ಬೀಳುತ್ತದೆ. ಗಿಟಾರ್ ಪೆಟ್ಟುಗಳ ಮೇಲೆ ಬಾರದೆ ನಡುವಿನ ಜಾಗದಲ್ಲಿ ಚಕ್ ಚಕ್ ಅನ್ನುತ್ತದೆ. ಖಾಲಿಯ ಬೆಲೆ ಗೊತ್ತಿರುವ ಹಿಂದೂಸ್ತಾನಿ ಕೇಳುಗರಿಗೆ ರೆಗೆ ಬೇಗ ಹಿಡಿಸಬೇಕು ಅಂತ ನನ್ನ ನಂಬಿಕೆ.

ಕೆಹರವಾ: ಧಾ ಗೆ ನಾ ತಿ | ನ ಕ ಧಿ ನ. ಭಜನೆ, ಭಾವಗೀತೆ, ಕವ್ವಾಲಿ, ಹಳೆಯ ಸಿನಿಮಾ ಹಾಡು ಎಲ್ಲದಕ್ಕೂ ಬೇಕಾದ ತಾಳ. ಮೊದಲರ್ಧದಲ್ಲಿ ಡಗ್ಗಾದ ತೂಕ, ಐದಕ್ಕೆ ಬರುವಾಗ ಹಗುರ, ಏಳರ ಹೊತ್ತಿಗೆ ಮತ್ತೆ ಡಗ್ಗಾ ಎತ್ತಿಕೊಳ್ಳುತ್ತದೆ. ಡೋಲಕ್‌ನಲ್ಲಿ ನುಡಿಸುವಾಗ ಇದಕ್ಕೆ ಒಂದು ಓಲಾಟ ಸೇರುತ್ತದೆ. ಅಮೆರಿಕದ ಬ್ಲೂಸ್, ಜಾಝ್‌ನಲ್ಲೂ ಇಂಥದ್ದೇ ಓಲಾಟ ಇದೆ. ಅಲ್ಲಿ ಒಂದು ಪೆಟ್ಟನ್ನು ಮೂರಾಗಿ ಒಡೆದು, ಮೊದಲನೆಯದು ಮತ್ತು ಮೂರನೆಯದನ್ನು ಮಾತ್ರ ಬಾರಿಸುತ್ತಾರೆ. "ತಕಿಟ ತಕಿಟ" ಹೇಳುತ್ತಾ "ಕಿ" ಮಾತ್ರ ನುಂಗಿ ನೋಡಿ, ಅದೇ.

ಆದಿತಾಳ: ಇದರಲ್ಲಿ ಕೈಪೆಟ್ಟು ಒಂದು, ಐದು, ಏಳರಲ್ಲಿ. ಆದರೆ ಮೃದಂಗ ಆ ಜಾಗಗಳನ್ನೇ ಪ್ರತಿ ಸಲ ಕುಟ್ಟಿ ತೋರಿಸುವುದಿಲ್ಲ. ತಬಲಾದ ಹಾಗೆ ಗೊತ್ತಾದ ಠೇಕಾ ಇಲ್ಲಿಲ್ಲ. ಮೃದಂಗದವರು ಹಾಡಿನ ಸಾಹಿತ್ಯದ ಜೊತೆಯಲ್ಲಿ ಹೋಗುತ್ತಾರೆ, ಸಂಗತಿ, ಅಂದರೆ ಅದೇ ಸಾಲನ್ನು ಹಾಡುವ ರೀತಿ, ಬದಲಾದರೆ ನುಡಿಸಾಣಿಕೆಯೂ ಬದಲಾಗುತ್ತದೆ. ಅದಕ್ಕೇ ಕರ್ನಾಟಕ ಸಂಗೀತದಲ್ಲಿ ಕೇಳುಗನೇ ತಾಳ ಹಾಕಬೇಕು. ಹಾಕಿದರೆ ಮಾತ್ರ ಮೃದಂಗ ಎಲ್ಲಿ ತಾಳದ ಜೊತೆಗಿದೆ, ಎಲ್ಲಿ ಎದುರು ನಿಂತು ಆಡುತ್ತಿದೆ ಅನ್ನುವ ಸುಖ ಸಿಗುತ್ತದೆ. ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಎದ್ದು ಕಾಫಿಗೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ತಾಳ ಹಾಕುತ್ತಾ ಕೂತರೆ ಇಡೀ ಕಛೇರಿಯಲ್ಲಿ ಅದೇ ಅತ್ಯಂತ ರೋಚಕ ಭಾಗ.

ಎಂಟನ್ನು ನಾಲ್ಕು ನಾಲ್ಕಾಗಿಯೇ ಒಡೆಯಬೇಕು ಅಂತಲೂ ಇಲ್ಲ. ತಕಿಟ ತಕಿಟ ತಕ ಅಂತ ಹೇಳಿ: ಮೂರು, ಮೂರು, ಎರಡು. ಕ್ಯೂಬಾ ಮತ್ತು ಸುತ್ತಮುತ್ತಲ ಕೆರಿಬಿಯನ್ ಸಂಗೀತದ ಬೆನ್ನೆಲುಬು ಈ ಒಡಕು. ರೆಗೆಟಾನ್ ಅನ್ನುವ ಕುಣಿತದ ಹಾಡುಗಳ ಮೂಲಕ ಈಗ ಎಷ್ಟೋ ದೇಶದ ಸಿನಿಮಾ ಹಾಡಿಗೂ ಬಂದಿದೆ. ಮೃದಂಗ, ಖಂಜಿರದವರಿಗೆ ಇದೇನೂ ಹೊಸದಲ್ಲ, ದಿನವೂ ನುಡಿಸುವ ಲೆಕ್ಕ.

ಹೆಜ್ಜೆ 5: ಏಳರಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಳೆಯಿರಿ

ಕನ್ನಡ ಕಿವಿಗೆ ಏಳು ಅನ್ನುವುದು ಮನೆಯ ಲೆಕ್ಕ. ಪಶ್ಚಿಮದ ಪಾಪ್ ಸಂಗೀತದಲ್ಲಿ ಏಳರ ಹಾಡು ಅಪರೂಪ. ಅದನ್ನು ಕಷ್ಟದ ತಾಳ ಅಂತಲೇ ಕಲಿಸುತ್ತಾರೆ. ನಮ್ಮಲ್ಲಿ ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳನ್ನೇ ಭಾಮಿನಿ ಷಟ್ಪದಿಯಲ್ಲಿ ಬರೆದ. ಅದನ್ನು ಓದಿಸಿ ಕೇಳಿದ ಹಳ್ಳಿಗಳಿಗೆ ಏಳು ಕಷ್ಟ ಅನ್ನಿಸಲೇ ಇಲ್ಲ.

ಒಂದೇ ಏಳು ಬೇರೆ ಬೇರೆ ಕಡೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ಕೇಳಿದರೆ ಭಾರದ ಮಾತು ಪೂರ್ತಿ ಅರ್ಥವಾಗುತ್ತದೆ.

ಗಮಕದಲ್ಲಿ ತಾಳವಾದ್ಯವಿಲ್ಲ. ಮಾತಿನ ಅರ್ಥಕ್ಕೆ ತಕ್ಕಂತೆ ಗಮಕಿ ಎಳೆಯುತ್ತಾರೆ, ಒಡೆಯುತ್ತಾರೆ. ಆದರೂ ಮೂರು ನಾಲ್ಕು, ಮೂರು ನಾಲ್ಕು ಅನ್ನುವುದು ಪದಗಳ ಒಳಗೇ ಇರುತ್ತದೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲು ಉದ್ದ, ಕೊನೆಗೊಂದು ಗುರು. ಆ ಗುರುವಿನ ಮೇಲೆ ಗಮಕಿ ನಿಲ್ಲುವುದನ್ನು ಗಮನಿಸಿ.

ಮಿಶ್ರಚಾಪು ತಾಳದಲ್ಲಿ ತಕಿಟ ತಕಧಿಮಿ ಅಂತಲೇ ಹೇಳಿಕೊಳ್ಳಿ. ಪೆಟ್ಟು ಒಂದು, ನಾಲ್ಕು, ಆರರಲ್ಲಿ. ಬೆರಳೆಣಿಕೆ ಇಲ್ಲ. ಮೊದಲ ಮೂರು ಕೂಡಲೇ ಕಳೆದು, ಉಳಿದ ನಾಲ್ಕು ಎರಡೆರಡಾಗಿ ಸಮಾಧಾನದಿಂದ ಬರುತ್ತವೆ. ನಿಧಾನದ ಕೃತಿಯಲ್ಲಿ ಇದು ಗಂಭೀರವಾಗಿರುತ್ತದೆ, ವೇಗ ಹೆಚ್ಚಿದರೆ ಕುಣಿಯುತ್ತದೆ.

ಹಿಂದೂಸ್ತಾನಿಯ ರೂಪಕ್ ಕೂಡ ಏಳೇ: ತಿನ್ ತಿನ್ ನಾ | ಧಿ ನಾ | ಧಿ ನಾ. ಇದರ ವಿಶೇಷ ಏನೆಂದರೆ ಸಮವೇ ಖಾಲಿ. ಮೊದಲ ಮೂರು ಮಾತ್ರೆಗೆ ಡಗ್ಗಾದ ಗುಂಯ್ ಇಲ್ಲ. ನಾಲ್ಕು ಮತ್ತು ಆರಕ್ಕೆ ಬರುತ್ತದೆ. ಹೊಸಬರ ಕಿವಿ ಆ ಗುಂಯ್‌ಗೆ ಮೋಸಹೋಗಿ ನಾಲ್ಕನೆಯದನ್ನೇ ಸಮ ಅಂದುಕೊಳ್ಳುತ್ತದೆ, ಆಗ ಇಡೀ ಹಾಡು ತಿರುಗುಮುರುಗಾಗಿ ಕೇಳುತ್ತದೆ. ರೂಪಕ್ ಅನುಮಾನ ಬಂದರೆ ಡಗ್ಗಾ ಸುಮ್ಮನಾಗುವ ಜಾಗವನ್ನು ಹುಡುಕಿ. ಅದೇ ಶುರು. ಗಝಲ್ ಮತ್ತು ಭಾವಗೀತೆಗಳಲ್ಲಿ ಈ ತಾಳ ತುಂಬಾ ಬರುತ್ತದೆ. ಮಾತು ಹಗುರವಾಗಿ ಎದ್ದು, ಆಮೇಲೆ ನೆಲಕ್ಕೆ ಇಳಿದ ಹಾಗೆ ಇರುತ್ತದೆ.

ಯಕ್ಷಗಾನದ ತ್ರಿವುಡೆಯೂ ಏಳರ ನಡೆ. ಇಲ್ಲಿ ಭಾರ ಹಾಕುವುದು ಭಾಗವತರ ಜಾಗಟೆ ಅಥವಾ ತಾಳ, ಮದ್ದಳೆ, ಚೆಂಡೆ, ಜೊತೆಗೆ ವೇಷಧಾರಿಯ ಕಾಲು. ಸಭಾಂಗಣದಲ್ಲಿ ಕೂತು ಕೇಳುವ ಏಳಿಗೂ, ಕಿರೀಟ ಕಟ್ಟಿದ ವೇಷ ನೆಲ ಗುದ್ದಿ ಕುಣಿಯುವ ಏಳಿಗೂ ಎಷ್ಟು ದೂರ ಅಂತ ಒಂದೇ ದಿನ ಎರಡನ್ನೂ ಕೇಳಿ ನೋಡಿ. ಮುದ್ರಿತ ಪ್ರಸಂಗ ಪುಸ್ತಕ ಸಿಕ್ಕರೆ ಬಿಡಬೇಡಿ. ಪದ್ಯದ ಮೇಲೆಯೇ ರಾಗ, ತಾಳದ ಹೆಸರು ಹಾಕಿರುತ್ತಾರೆ. ಆಟದ ವಿಡಿಯೊ ಜೊತೆ ಇಟ್ಟುಕೊಂಡರೆ ಮೊದಲು ನೀವು ಊಹಿಸಿ, ಆಮೇಲೆ ಪುಸ್ತಕ ನೋಡಿ ಸರಿಯಾ ಅಂತ ತಾಳೆ ಹಾಕಬಹುದು. ಇಷ್ಟು ಚೆನ್ನಾದ ಅಭ್ಯಾಸ ಪುಸ್ತಕ ಬೇರೆ ಸಂಗೀತಕ್ಕೆ ಸಿಗುವುದು ಕಷ್ಟ.

ಐದು ಮತ್ತು ಆರು, ಬೇಗನೆ

ಏಳು ಸಿಕ್ಕಿದವರಿಗೆ ಐದು ಸುಲಭ. ಖಂಡಚಾಪು ಎರಡು ಮತ್ತು ಮೂರು. ಝಪತಾಲ ಅದರ ಎರಡರಷ್ಟು, ಹತ್ತು: ಧಿ ನಾ | ಧಿ ಧಿ ನಾ | ತಿ ನಾ | ಧಿ ಧಿ ನಾ. ಆರನೆಯ ಮಾತ್ರೆಯಲ್ಲಿ ಡಗ್ಗಾ ಹಗುರಾದರೆ ಝಪತಾಲ ಅಂತ ಖಚಿತ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ ಓದುವಾಗ ಆಗುವ ಓಟ ಇದೇ ಐದರ ಓಟ.

ಮೂರು, ಆರರ ನಡೆಯಲ್ಲಿ ಮೂರು ಬಗೆ ಗೊತ್ತಿದ್ದರೆ ಸದ್ಯಕ್ಕೆ ಸಾಕು. ಯುರೋಪಿನ ವಾಲ್ಟ್ಸ್ ಮೂರರದ್ದು: ಮೊದಲನೆಯದು ಭಾರ, ಉಳಿದೆರಡು ಹಗುರ, ಪ್ರತಿ ಸುತ್ತಿಗೂ ಹಾಗೇ. ದಾದರಾದಲ್ಲಿ ಧಾ ಧಿ ನಾ | ಧಾ ತಿ ನಾ ಅಂತ ಎರಡು ಮೂರುಗಳು, ಎರಡನೆಯದು ಹಗುರ. ಅದಕ್ಕೇ ದಾದರಾ ತೊಟ್ಟಿಲ ಹಾಗೆ ಆಚೆ ಈಚೆ ತೂಗುತ್ತದೆ. ಮೂರನೆಯದು ತಮಟೆಯ ಜೋರು ಆರು. ಜಾತ್ರೆ, ಗಣಪತಿ ಮೆರವಣಿಗೆ, ಸಿನಿಮಾದ ಟಪಾಂಗುಚ್ಚಿ ಹಾಡುಗಳಲ್ಲಿ ಹೆಚ್ಚಾಗಿ ಇದೇ. ವೇಗ ಎಷ್ಟಿರುತ್ತದೆಂದರೆ ಆರು ಎಣಿಸಲು ಆಗುವುದಿಲ್ಲ. ದೊಡ್ಡ ಎರಡು ಪೆಟ್ಟು ಹಿಡಿದು ಪ್ರತಿಯೊಂದರೊಳಗೆ "ತಕಿಟ" ಹೇಳಿ.

ಹೆಸರಿನ ಗೊಂದಲದ ಬಗ್ಗೆ ಒಂದು ಎಚ್ಚರಿಕೆ. ಕರ್ನಾಟಕದ ರೂಪಕ ಆರು ಅಕ್ಷರದ್ದು, ಬಳಕೆಯಲ್ಲಿ ಪೆಟ್ಟು, ಪೆಟ್ಟು, ಹುಸಿ ಅಂತ ಮೂರಾಗಿ ಹಾಕುತ್ತಾರೆ. ಹಿಂದೂಸ್ತಾನಿಯ ರೂಪಕ್ ಏಳು. ಕರ್ನಾಟಕದ ಚತುರಶ್ರ ಏಕತಾಳ ನಾಲ್ಕು. ಹಿಂದೂಸ್ತಾನಿಯ ಏಕತಾಲ ಹನ್ನೆರಡು. ಹೆಸರು ನೋಡಿ ಎಣಿಸಬೇಡಿ, ಕೇಳಿ ಎಣಿಸಿ.

ಹೆಜ್ಜೆ 6: ಜಾನಪದದಲ್ಲಿ ಕಾಲು ನೋಡಿ, ಪಲ್ಲವಿ ಕೇಳಿ

ಡೊಳ್ಳು ಕುಣಿತ, ಕಂಸಾಳೆ, ವೀರಗಾಸೆಗಳಲ್ಲಿ ತಾಳವೂ ಕುಣಿತವೂ ಒಂದೇ. ವಾದ್ಯ ಮಾತ್ರ ಕೇಳಿದರೆ ಅರ್ಧ ಗೊತ್ತಾಗುತ್ತದೆ. ಮಲೆಮಹದೇಶ್ವರನ ಕಂಸಾಳೆಯವರು ಕೈಯಲ್ಲಿರುವ ಕಂಚಿನ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ತಾಳಕ್ಕೆ, ಹೀಗೆ ಎಲ್ಲೆಲ್ಲೋ ಬಡಿಯುತ್ತಾರೆ. ಕೈ ನೋಡುತ್ತಾ ಹೋದರೆ ಕಣ್ಣು ಕಟ್ಟಿದಂತಾಗುತ್ತದೆ. ಪಾದ ನೋಡಿ. ಹೆಜ್ಜೆ ತಿರುಗಿ ಮೊದಲಿನ ಜಾಗಕ್ಕೆ ಬರುವುದೇ ಒಂದು ಆವರ್ತ. ಡೊಳ್ಳಿನಲ್ಲೂ ಹಾಗೇ. ನಿಧಾನದಿಂದ ಶುರುವಾಗಿ ವೇಗಕ್ಕೆ ಏರುವಾಗ ಬಡಿತದ ವರಸೆ ಬದಲಾಗುತ್ತದೆ. ಆ ಬದಲಾವಣೆ ಎಲ್ಲಿ ಆಯಿತು ಅಂತ ಹೆಜ್ಜೆ ಹೇಳುತ್ತದೆ.

ಉತ್ತರ ಕರ್ನಾಟಕದ ಗೀಗೀ ಪದದಲ್ಲಿ ಇನ್ನೂ ಸುಲಭ. ಮುಂದಿನವರು ಸಾಲು ಹಾಡಿದ ಮೇಲೆ ಹಿಂದಿನವರು "ಗೀ ಗೀ" ಅಂತ ಪಲ್ಲವಿಯ ಸೊಲ್ಲು ಹಿಡಿಯುತ್ತಾರೆ. ಆ ಸೊಲ್ಲು ಬರುವ ಜಾಗಕ್ಕೆ ಕಿವಿ ಇಟ್ಟರೆ ಸುತ್ತು ಎಷ್ಟರದ್ದು ಅಂತ ತಾನಾಗಿ ಗೊತ್ತಾಗುತ್ತದೆ. ತುಂತುಣಿ ಅನ್ನುವ ತಂತಿವಾದ್ಯ ಬಿಡದೆ ಮಿಡಿತ ಕೊಡುತ್ತಿರುತ್ತದೆ, ದಪ್ಪು ಅನ್ನುವ ಚರ್ಮವಾದ್ಯ ಭಾರ ಹಾಕುತ್ತದೆ.

ಹೆಜ್ಜೆ 7: ಒಂದೇ ಪದ, ಎರಡು ದಾರಿ

ಇಷ್ಟಾದ ಮೇಲೆ ಒಂದು ದಾಸರ ಪದ ಆರಿಸಿಕೊಳ್ಳಿ. ಕರ್ನಾಟಕ ಶೈಲಿಯಲ್ಲಿ ಹಾಡಿದ್ದು ಒಂದು, ಹಿಂದೂಸ್ತಾನಿ ಗಾಯಕರು ಹಾಡಿದ್ದು ಒಂದು, ಎರಡನ್ನೂ ಹುಡುಕಿ. ಭೀಮಸೇನ ಜೋಶಿಯವರ ದಾಸವಾಣಿ ಸುಲಭವಾಗಿ ಸಿಗುತ್ತದೆ. ಸಾಹಿತ್ಯ ಅದೇ. ಒಂದರಲ್ಲಿ ಮೃದಂಗ ಮಾತಿನ ಬೆನ್ನು ಹತ್ತುತ್ತದೆ, ಇನ್ನೊಂದರಲ್ಲಿ ತಬಲಾದ ಠೇಕಾ ಹಾಸಿದ ನೆಲದ ಮೇಲೆ ಮಾತು ಓಡಾಡುತ್ತದೆ. ಯಾವ ಅಕ್ಷರದ ಮೇಲೆ ಸಮ ಬಿತ್ತು ಅಂತ ಎರಡರಲ್ಲೂ ಗುರುತು ಹಾಕಿ. ಅಕ್ಷರ ಬೇರೆಯಾಗಿದ್ದರೆ ಅರ್ಥದ ಒತ್ತೂ ಬೇರೆಯಾಗಿರುತ್ತದೆ.

ವಚನಗಳಲ್ಲಿ ಈ ಅಭ್ಯಾಸ ಇನ್ನೂ ಚೆನ್ನ. ವಚನಕ್ಕೆ ಷಟ್ಪದಿಯ ಹಾಗೆ ಕಟ್ಟಿದ ಮಾತ್ರೆಗಳಿಲ್ಲ. ತಾಳ ಹೊರಗಿನಿಂದ ಬರಬೇಕು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಕೇಳಿ. ಗದ್ಯದಂತಿರುವ ಸಾಲು ತಾಳದ ಒಳಗೆ ಎಲ್ಲಿ ಬಾಗುತ್ತದೆ, ಎಲ್ಲಿ ಎಳೆಯುತ್ತದೆ ಅಂತ ಕೈಪೆಟ್ಟು ಹಾಕುತ್ತಾ ಹುಡುಕಿ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂಥವರು ಸಂಯೋಜಿಸಿದ ಭಾವಗೀತೆಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಕವಿ ಬರೆದ ಗಣ ಒಂದು, ಸಂಯೋಜಕ ಆರಿಸಿದ ತಾಳ ಇನ್ನೊಂದು ಆಗಿರಬಹುದು. ಮೊದಲು ಪದ್ಯವನ್ನು ಓದಿ ಗಣ ಬಿಡಿಸಿ. ಆಮೇಲೆ ಹಾಡು ಹಾಕಿ.

ತಪ್ಪಿಹೋಗುವ ಮೂರು ಜಾಗಗಳು

ಒಂದು, ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ. ಹಾಡು ಸಮದಲ್ಲೇ ಶುರುವಾಗಬೇಕು ಅಂತಿಲ್ಲ. ಎಷ್ಟೋ ಕೃತಿಗಳು ತಾಳ ಶುರುವಾಗಿ ಅರ್ಧ ಅಕ್ಷರವೋ ಒಂದೂವರೆ ಅಕ್ಷರವೋ ಕಳೆದ ಮೇಲೆ ಎತ್ತಿಕೊಳ್ಳುತ್ತವೆ. ಇದಕ್ಕೆ ಅನಾಗತ ಅನ್ನುತ್ತಾರೆ. ತಾಳಕ್ಕಿಂತ ಮೊದಲೇ ಎತ್ತಿಕೊಂಡರೆ ಅತೀತ. ಹಾಡಿನ ಮೊದಲ ಮಾತನ್ನೇ ಸಮ ಅಂತ ಹಿಡಿದರೆ ಕೊನೆ ತನಕ ನಿಮ್ಮ ಕೈ, ಗಾಯಕರ ಕೈ ಬೇರೆ ಬೇರೆ ಆಗಿರುತ್ತದೆ.

ಎರಡು, ಕಳೆ. ಎರಡು ಕಳೆಯ ಆದಿತಾಳದಲ್ಲಿ ಪ್ರತಿ ಪೆಟ್ಟು, ಪ್ರತಿ ಬೆರಳು ಎರಡೆರಡು ಸಲ ಬರುತ್ತದೆ. ಎಂಟು ಹದಿನಾರಾಗುತ್ತದೆ. ತಾಳ ಬದಲಾಗಿಲ್ಲ, ಜಾಗ ಹಿಗ್ಗಿದೆ ಅಷ್ಟೇ.

ಮೂರು, ನಡೆ ಬದಲಾಗುವುದು. ಕಛೇರಿಯ ರಾಗ ತಾನ ಪಲ್ಲವಿ ಅನ್ನುವ ಭಾಗದಲ್ಲೋ ತನಿ ಆವರ್ತನದಲ್ಲೋ ಇದ್ದಕ್ಕಿದ್ದಂತೆ ನಾಲ್ಕರ ನಡೆ ಹೋಗಿ ಮೂರರ ನಡೆ ಬರುತ್ತದೆ. ಆಗ ಎಣಿಕೆ ತಪ್ಪಿತು ಅಂತ ಕೈ ನಿಲ್ಲಿಸಬೇಡಿ. ಕೈಯ ವೇಗ ಇದ್ದ ಹಾಗೇ ಇರಲಿ, ಎರಡು ಪೆಟ್ಟಿನ ನಡುವೆ ಹೇಳುತ್ತಿದ್ದ "ತಕಧಿಮಿ"ಯನ್ನು "ತಕಿಟ"ಕ್ಕೆ ಬದಲಿಸಿ. ಎರಡು ಆವರ್ತ ಕಳೆಯುವುದರೊಳಗೆ ಕೂಡಿಕೊಳ್ಳುತ್ತದೆ.